ಸಮುದ್ರಕ್ಕೆ ಸಿಹಿನೀರು ಹುಯ್ದ ನಮ್ಮ ಮಾವ

ಮಾವನವರ ಟ್ರೈನು ವೈಜಾಗ್ ಸ್ಟೇಷನ್ನಿಗೆ ಬರೋ ಹೊತ್ತಾಗಿತ್ತು. ಇಲ್ಲಿ ಮನೆಯಲ್ಲಿ ನೋಡಿದ್ರೆ ನನ್ನ ಎರಡು ನೀಲಿ ಮೀನುಗಳಲ್ಲಿ ಒಂದು ಸತ್ತು ತೇಲ್ತಿದೆ, ಇನ್ನೊಂದು ಮೂಲೆ ಹಿಡಿದು ಬಾಯಿ ಬಾಯಿ ಬಿಡ್ತಿದೆ.

ಆ ಮೀನುಗಳನ್ನ ನಾನು ತಂದಿದ್ದೇ ಮಾವನವರಿಗೋಸ್ಕರ!

2005ರ ಆಸುಪಾಸಿನ ಮಾತು. ನಾನು ಚಿತ್ರದುರ್ಗದ ಕಡೆಯವನು, ಪ್ಲಾಂಟ್ ಕೆಲಸಕ್ಕೆ ಅಂತ ವೈಜಾಗಿಗೆ ಬಂದು ಅಲ್ಲಿನ ಗಾಜುವಾಕದಲ್ಲಿ ಬಾಡಿಗೆ ಮನೆ ಮಾಡಿದ್ದೆ. ಹೆಂಡತಿ ಪದ್ಮ ವಿಜಯವಾಡದ ಒನ್ ಟೌನ್ ಪೇಟೆಯವಳು, ನಮ್ಮದು ಲವ್ ಮ್ಯಾರೇಜ್.

ಅವಳಪ್ಪ ಅಲ್ಲಿ ಮೆಣಸಿನಕಾಯಿ ಹೋಲ್‌ಸೇಲ್ ವ್ಯಾಪಾರಿ. ಮದುವೆಗೆ ಬಂದರು, ಅಕ್ಷತೆ ಹಾಕಿದರು, ಆಮೇಲೆ ನನ್ನ ಹತ್ತಿರ ಮಾತೇ ಇಲ್ಲ. ಫೋನ್ ನಾನೆತ್ತಿದರೆ ಆ ಕಡೆ ಸ್ವಲ್ಪ ಹೊತ್ತು ಮೌನ, ಆಮೇಲೆ "ಪದ್ಮ ಉಂದಾ?" ಪದ್ಮ ಇದ್ದಾಳಾ ಅಂತ, ಅಷ್ಟೇ.

ಪದ್ಮ ಬಸುರಿ ಅಂತ ಗೊತ್ತಾದ ಮೇಲೆ ಮೊದಲ ಸಲ ನಮ್ಮ ಮನೆಗೆ ಬರ್ತೀನಿ ಅಂದರು. ಅವಳು ಖುಷಿಗೆ ಅತ್ತೇಬಿಟ್ಟಳು. "ನಮ್ಮಪ್ಪನ ಜೊತೆ ಏನಾದ್ರೂ ಮಾತಾಡಿ ಅಂಡಿ... ಪ್ಲೀಸ್" ಅಂದಳು. 'ರೀ' ಅನ್ನೋ ಕಡೆ ಅವಳದು 'ಅಂಡಿ'.

ಏನು ಮಾತಾಡೋದು? ಅವರಿಗೆ ಜೀವನದಲ್ಲಿ ಇಷ್ಟವಾದದ್ದು ಒಂದೇ, ಮೀನು. ನಾನೋ, ಮೊಟ್ಟೆ ಕಂಡರೂ ಮೂಗು ಮುಚ್ಚೋನು. ತಿನ್ನೋಕಾಗದಿದ್ದರೆ ಸಾಕೋಣ, ಮಾತಿಗೊಂದು ನೆಪವಾದರೂ ಆಗುತ್ತೆ ಅಂತ ಅಕ್ವೇರಿಯಂ ಐಡಿಯಾ ಹೊಳೀತು.

ಅಂಗಡಿಯವರು ಗೋಲ್ಡ್ ಫಿಶ್ ಸಾಕು ಸಾರ್ ಅಂದರು. ಆದರೆ ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರಲ್ಲ, ಹಂಗೆ ನಾನು. ಪಕ್ಕದಲ್ಲೇ ಸಮುದ್ರ ಇಟ್ಕೊಂಡು ಸಿಹಿನೀರಿನ ಮೀನು ಯಾಕೆ?

ಪೋರ್ಟ್ ಕಡೆ ನೀರಲ್ಲಿ ಎಣ್ಣೆ ಇರುತ್ತೆ ಅಂತ, ಭಾನುವಾರ ಗೆಳೆಯನ ಜೀಪಿನಲ್ಲಿ ಭೀಮುನಿಪಟ್ಟಣಕ್ಕೆ ಹೋಗಿ ಕ್ಯಾನ್‌ಗಟ್ಟಲೆ ಸಮುದ್ರ ತುಂಬಿಸಿಕೊಂಡು ಬಂದೆ. ದಡದಲ್ಲಿ ಬಲೆ ಬಿಡಿಸ್ತಿದ್ದವರು ನನ್ನ ಕ್ಯಾನು ನೋಡಿ, ಮುಖ ನೋಡಿ, ಮತ್ತೆ ಬಲೆ ನೋಡಿದರು.

ಪದ್ಮಳ ಹಳೇ ಕಾಟನ್ ಸೀರೆಯಲ್ಲಿ ನೀರು ಸೋಸಿ ಟ್ಯಾಂಕಿಗೆ ತುಂಬಿದ್ದಾಯ್ತು. ಕೊಳೆ ತಿನ್ನೋ ಒಳ್ಳೇ ಬ್ಯಾಕ್ಟೀರಿಯಾ ಬೆಳೀಬೇಕು, ಕೆಲವು ವಾರ ಮೀನು ಬಿಡಬೇಡಿ ಅಂತ ಅಂಗಡಿಯವರು ಅಂದಿದ್ದರು. ಹೀಗಾಗಿ ಅಕ್ಕಪಕ್ಕದವರೆಲ್ಲ ನಮ್ಮ ಮನೆಗೆ ಬಂದು ಬರೀ ನೀರು ನೋಡ್ಕೊಂಡು ಹೋದರು.

ಕೊನೆಗೆ ಬೆರಳುದ್ದದ ಎರಡು ನೀಲಿ ಡ್ಯಾಮ್ಸೆಲ್ ಮೀನು ಬಂದವು. ಆ ನೀಲಿ ನೋಡಬೇಕಿತ್ತು ನೀವು... ನಾನು ಡ್ಯೂಟಿಯಿಂದ ಬಂದು ಶೂ ಬಿಚ್ಚದೆ ಎದುರು ಕೂತಿರ್ತಿದ್ದೆ.

ಬೇಸಿಗೆ ಶುರುವಾಯ್ತು. ಫ್ಯಾನಿನ ಗಾಳಿಗೆ ಟ್ಯಾಂಕಿನ ನೀರು ದಿನಾ ಇಳೀತಿತ್ತು. ಸಮುದ್ರ ಕಮ್ಮಿಯಾದರೆ ಸಮುದ್ರವೇ ತುಂಬಬೇಕಲ್ಲ! ದಿನಾ ಕ್ಯಾನಿನಿಂದ ಹುಯ್ತಾ ಬಂದೆ.

ಅದರ ಫಲ ಮಾವ ಬರೋ ದಿನವೇ ತೇಲ್ತಿತ್ತು.

ಸತ್ತ ಮೀನನ್ನ ತೆಗೆದು, ಸ್ಟೇಷನ್ನಿಗೆ ಓಡಿದೆ. ಆಟೋದಲ್ಲಿ ಗಾಜುವಾಕದವರೆಗೂ ಮಾವನವರು ಹೊರಗೇ ನೋಡ್ತಾ ಕೂತಿದ್ದರು. ನನಗೆ ತಲೆ ತುಂಬಾ ಆ ಇನ್ನೊಂದು ಮೀನು.

ಮನೆಗೆ ಬಂದವರು ಮಗಳ ತಲೆ ಸವರಿ, ಸೀದಾ ಟ್ಯಾಂಕಿನ ಮುಂದೆ ನಿಂತರು. ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿ, "ಅಯ್ಯೋ ಪಾಪಂ" ಅಂದರು. ಮೀನಿಗೆ!

ಆಮೇಲೆ ನನ್ನ ಕಡೆ ತಿರುಗಿ, "ನೀಳ್ಳು ತಗ್ಗಿತೆ ಏಂ ಪೋಸ್ತುನ್ನಾರು?" ನೀರು ಇಳಿದರೆ ಏನು ಹುಯ್ತೀರಿ ಅಂತ. ನನ್ನನ್ನ ಅವರು ಕೇಳಿದ ಮೊದಲ ಪ್ರಶ್ನೆ ಅದು.

ಸಮುದ್ರದ ನೀರೇ ಅಂದೆ.

ಅಡುಗೆಮನೆಯಿಂದ ಪದ್ಮ ನಗೋದು ಕೇಳಿಸ್ತು. "ಸಾರು ಕುದ್ದು ಇಂಗಿದ್ರೆ ನೀರು ಹಾಕ್ತೀರೋ, ಉಪ್ಪು ಹಾಕ್ತೀರೋ ಅಂಡಿ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು. ಯಾಕಂದ್ರೆ ನಾನು ಪ್ಲಾಂಟಿನಲ್ಲಿ ಇರೋದು ಬಾಯ್ಲರ್ ಸೆಕ್ಷನ್ನಿನಲ್ಲಿ. ಆವಿ ಹೋಗುತ್ತೆ, ಉಪ್ಪು ಒಳಗೇ ಉಳಿಯುತ್ತೆ ಅಂತ ಹೊಸದಾಗಿ ಸೇರಿದವರಿಗೆ ಪಾಠ ಹೇಳೋನೇ ನಾನು!

ಅಂಗಡಿಯವರು ಕೊಟ್ಟಿದ್ದ ಉಪ್ಪಿನಂಶ ಅಳೆಯೋ ಗಾಜಿನ ಕಡ್ಡಿ ಡಬ್ಬಿಯಲ್ಲೇ ಮಲಗಿತ್ತು. ತೆಗೆದು ನೀರಿಗೆ ಬಿಟ್ಟರೆ ಗುರುತಿಗಿಂತ ಎಷ್ಟೋ ಮೇಲೆ ತೇಲ್ತು, ಅಂದ್ರೆ ಉಪ್ಪು ಅಷ್ಟು ಜಾಸ್ತಿ.

ಒಮ್ಮೆಲೇ ಸಿಹಿನೀರು ಸುರಿದರೆ ಇದ್ದ ಮೀನೂ ಹೋಗುತ್ತೆ. ಬಿಂದಿಗೆಯಲ್ಲಿ ಬ್ಲೀಚಿಂಗ್ ವಾಸನೆ ಹೋಗಲಿ ಅಂತ ತೆರೆದಿಟ್ಟ ನೀರಿತ್ತು. ಮಾವನವರು ಪ್ಲಾಸ್ಟಿಕ್ ಕುರ್ಚಿ ಎಳ್ಕೊಂಡು ಕೂತು, ಅಂಗಿ ತೋಳು ಮಡಚಿ, ಚೊಂಬು ಕೈಗೆ ತಗೊಂಡರು.

ನಾನು ಪೈಪಿನಲ್ಲಿ ಉಪ್ಪುನೀರು ತೆಗೀತೀನಿ, ಅವರು ದಾರದ ಹಾಗೆ ಸಿಹಿನೀರು ಬಿಡ್ತಾರೆ. ಮಧ್ಯೆ ಕಡ್ಡಿ ನೋಡ್ತೀನಿ.

"ಇಂಕಾ?"

"ಕೊಂಚೆಂ..."

ಮಧ್ಯಾಹ್ನ ಪೂರ್ತಿ ನಮ್ಮಿಬ್ಬರ ನಡುವೆ ಇಷ್ಟೇ ಮಾತು. ಇನ್ನೂ ಬೇಕಾ, ಸ್ವಲ್ಪ ಬೇಕು. ಅಷ್ಟು ಸುಖವಾದ ಮಾತುಕತೆ ನನಗೆ ನೆನಪಿಲ್ಲ.

ಅಪ್ಪನಿಗೆ ಅಂತ ಪದ್ಮ ಅವತ್ತು ಮೊದಲ ಸಲ ಮನೆಗೆ ವಂಜರಂ ಮೀನು ತರಿಸಿದ್ದಳು, ನಾನೇ ಒಪ್ಪಿದ್ದೆ. ಮಾವನವರು ಟ್ಯಾಂಕಿನ ಕಡೆ ಒಮ್ಮೆ ನೋಡಿ "ದಾನಿ ಎದುರುಗಾ ವದ್ದಮ್ಮಾ" ಅಂದರು. ಅದರ ಎದುರಿಗೆ ಬೇಡ ಅಂತ. ವಂಜರಂ ಪಕ್ಕದ ಮನೆಗೆ ಹೋಯ್ತು, ಅವರು ನನ್ನ ಜೊತೆ ಬೇಳೆ ಸಾರು ಉಂಡರು. ಮರುದಿನ ಹೋಟೆಲಿಗೆ ಹೋಗಿ ಹೊಟ್ಟೆ ತುಂಬಾ ಮೀನು ತಿಂದು ಬಂದರು, ಅದು ಬೇರೆ ವಿಷಯ.

ಸಂಜೆ ಹೊತ್ತಿಗೆ ಮೀನು ಮೂಲೆ ಬಿಟ್ಟು ಬಂದು ಹಾಕಿದ್ದ ಆಹಾರದ ಒಂದು ಕಾಳು ಕಚ್ಚಿತು. ಮಾವನವರು ನನ್ನ ತೊಡೆ ಮೇಲೆ ಪಟ್ ಅಂತ ಹೊಡೆದರು. ನನಗೆ ಕಣ್ಣು ತುಂಬಿಬಂತು, ಸುಳ್ಳು ಯಾಕೆ ಹೇಳಲಿ.

ಅವರು ಊರಿಗೆ ಹೋದ ಮುಂದಿನ ಭಾನುವಾರ ಫೋನ್ ಬಂತು. ನಾನೇ ಎತ್ತಿದೆ. ಎಂದಿನ ಹಾಗೆ ಆ ಕಡೆ ಮೌನ. ಪದ್ಮಾ ಅಂತ ಕೂಗೋಕೆ ಬಾಯಿ ತೆಗೆದೆ...

"ಅಲ್ಲುಡೂ, ಚೇಪ ಎಲಾ ಉಂದಿ?"

ಅಳಿಯಾ, ಮೀನು ಹೇಗಿದೆ?

ಪದ್ಮ ರಿಸೀವರಿಗೆ ಕೈ ಚಾಚಿದಳು. ಸ್ವಲ್ಪ ಇರು ಅಂದೆ.

ಈಗಲೂ ಮಾವನವರು ಫೋನ್ ಮಾಡಿದರೆ ಮೊದಲು ಕೇಳೋದು ಅದನ್ನೇ, ನಾನು ಚೆನ್ನಾಗಿದೆ ಅಂತೀನಿ. ಆ ಮೀನು ಹೋಗಿ ಎಷ್ಟೋ ವರ್ಷವಾಯ್ತು ಅಂತ ಅವರಿಗೂ ಗೊತ್ತು.