ರಟ್ಟಿನೊಳಗೆ ಸೇರಿದ ಇಸವಿ

ಅಂಟಣ್ಣ ಎಂಬುದು ಅವನ ಹೆತ್ತವರು ಇಟ್ಟ ಹೆಸರಲ್ಲ. ಮೂವತ್ತೆರಡು ವರ್ಷ ಊರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕುಳಿತು, ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ, ಅಂಟು ಬಳಿದು, ರಟ್ಟು ಕಟ್ಟಿದವನಿಗೆ ಓದುಗರು ಕೊಟ್ಟ ಹೆಸರು. ಅವನ ಉಗುರಿನ ಸಂದಿಯಲ್ಲಿ ಯಾವಾಗಲೂ ಒಣಗಿದ ಅಂಟು ಇರುತ್ತಿತ್ತು. ಊಟಕ್ಕೆ ಕೂರುವ ಮೊದಲು ಹೆಂಡತಿ ಅವನ ಎರಡೂ ಕೈಗಳನ್ನು ತಿರುಗಿಸಿ ನೋಡಿ, ಆಮೇಲೆಯೇ ತಟ್ಟೆ ಇಡುತ್ತಿದ್ದಳು. ಅರವತ್ತಕ್ಕೆ ಇನ್ನೆರಡೇ ವರ್ಷ ಬಾಕಿಯಿದ್ದವನಿಗೆ ಈ ತಪಾಸಣೆ ತಪ್ಪಿರಲಿಲ್ಲ.

ಕೋಣೆ ಎಂದರೆ ಹೆಸರಿಗಷ್ಟೇ ಕೋಣೆ. ಒಂದು ಕಿಟಕಿ, ಒಂದು ಉದ್ದನೆಯ ಮೇಜು, ಪುಸ್ತಕ ಒತ್ತಿ ಹಿಡಿಯುವ ತಿರುಪಿನ ಪ್ರೆಸ್ಸು, ಗೋಡೆಗೆ ತೂಗುಹಾಕಿದ ದಾರದ ಉಂಡೆಗಳು. ವಾಚನಾಲಯಕ್ಕೂ ಅದಕ್ಕೂ ನಡುವೆ ಪ್ಲೈವುಡ್ಡಿನ ಒಂದು ತಡಿಕೆ. ಆಚೆ ಯಾರಾದರೂ ಸೀನಿದರೆ ಈಚೆ ಅಂಟಣ್ಣನಿಗೆ ಕೇಳಿಸುತ್ತಿತ್ತು.

ಕೆಲಸದಲ್ಲಿ ಅವನಿಗೊಂದು ಹಟವಿತ್ತು. "ನನ್ನ ಕೈಯಿಂದ ಆಚೆ ಹೋದ ಪುಸ್ತಕದ ವಯಸ್ಸು ಯಾರಿಗೂ ಗೊತ್ತಾಗಬಾರದು" ಎನ್ನುತ್ತಿದ್ದ. ಪುಸ್ತಕದಲ್ಲಿ ಮೊದಲು ಹರಿಯುವುದು ಮೊದಲ ಹಾಳೆಗಳೇ. ಬರೆದವರು ಯಾರು, ಅಚ್ಚಾದ ಇಸವಿ ಯಾವುದು ಎಂಬುದೆಲ್ಲ ಇರುವುದೂ ಅಲ್ಲೇ. ಆ ಹಾಳೆ ಚಿಂದಿಯಾಗಿದ್ದರೆ ಅಂಟಣ್ಣ ನಯವಾಗಿ ಕಿತ್ತು, ಅಲ್ಲಿ ಬೆಳ್ಳಗಿನ ಹೊಸ ಹಾಳೆ ಅಂಟಿಸುತ್ತಿದ್ದ. ಕಿತ್ತದ್ದನ್ನು ಎಸೆಯುತ್ತಲೂ ಇರಲಿಲ್ಲ. ಮಡಚಿ, ಪುಸ್ತಕದ ಬೆನ್ನು ಗಟ್ಟಿಯಾಗಲೆಂದು ರಟ್ಟಿನ ಒಳಗೆ ಸೇರಿಸಿ ಅಂಟಿಸಿಬಿಡುತ್ತಿದ್ದ. ಮೇಲೆ ಹೊಸ ಬಟ್ಟೆಯ ಹೊದಿಕೆ, ಅದರ ಮೇಲೆ ಬಂಗಾರದ ಬಣ್ಣದಲ್ಲಿ ಹೆಸರು. ನಿನ್ನೆ ಅಂಗಡಿಯಿಂದ ತಂದ ಪುಸ್ತಕವೆಂದರೂ ನಂಬಬೇಕು, ಹಾಗಿರುತ್ತಿತ್ತು. ನೋಡಿದವರು ಭೇಷ್ ಎಂದರೆ ಅಂಟಣ್ಣ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದ, ಎರಡು ದಿನ.

ಗ್ರಂಥಾಲಯದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಹದಿನೈದು ವರ್ಷಗಳಿಂದ ಪ್ರತಿ ಶನಿವಾರ ಹನ್ನೊಂದಕ್ಕೆ ಅವರು ವಾಚನಾಲಯದಲ್ಲಿ ಒಂದು ಪಾಠ ಮಾಡುತ್ತಿದ್ದರು. ಕಾಲೇಜಿನವರು, ನಿವೃತ್ತರು, ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡ ಹೆಂಗಸರು, ಯಾರು ಬೇಕಾದರೂ ಬರಬಹುದು. ಯಾರೋ ಫೋನು ಹಿಡಿದುಕೊಂಡು ಬಂದು, "ಮೇಡಂ, ಈ ಪುಡಿ ತಿಂದ್ರೆ ಸಕ್ಕರೆ ಕಾಯಿಲೆ ವಾರದಲ್ಲಿ ಮಾಯ ಅಂತೆ" ಎಂದರೆ ಮೇಡಂ ನಗುತ್ತಿರಲಿಲ್ಲ. "ಬನ್ನಿ, ಹುಡುಕೋಣ. ಹೇಳಿದ್ದು ಯಾರು? ಯಾವಾಗ ಹೇಳಿದ್ದು? ಹೇಳಿದೋರಿಗೆ ಅದ್ರಿಂದ ಏನು ಲಾಭ?" ಎಂದು ಕೇಳಿ, ಅವರಿಂದಲೇ ಹುಡುಕಿಸುತ್ತಿದ್ದರು. ಅರ್ಧ ಗಂಟೆಯಲ್ಲಿ, ಪುಡಿ ಹೊಗಳಿದವನೇ ಪುಡಿ ಮಾರುವವನು ಎಂಬುದು ಬಯಲಾಗುತ್ತಿತ್ತು.

ಫೋನಿನ ಮಾತಿಗೆ ಅಷ್ಟು ಅನುಮಾನ ಅಂಟಣ್ಣನಿಗೂ ಒಪ್ಪಿಗೆಯೇ. ಆದರೆ ಮೇಡಂ ಪುಸ್ತಕಗಳನ್ನೂ ಬಿಡುತ್ತಿರಲಿಲ್ಲವಲ್ಲ, ಅದಕ್ಕೆ ಅವನು ಮೂಗು ಮುರಿಯುತ್ತಿದ್ದ. "ಅಚ್ಚಾದ ಮೇಲೆ ಮುಗೀತು. ಪುಸ್ತಕದ ಮೇಲೂ ಅನುಮಾನ ಪಡೋರು ಗ್ರಂಥಾಲಯಕ್ಕೆ ಯಾಕ್ ಬರ್ಬೇಕು?" ಎಂದು ತನ್ನ ಪ್ರೆಸ್ಸಿನ ಮುಂದೆ ಗೊಣಗುತ್ತಿದ್ದ. ಎದುರು ಹೇಳುವ ಧೈರ್ಯವಿರಲಿಲ್ಲವೆನ್ನಿ.

ಒಬ್ಬಳೇ ಮಗಳಿಗೆ ಹೆಣ್ಣು ಮಗು ಹುಟ್ಟಿದಾಗ ಅಂಟಣ್ಣ ಅವಳಿಗೆ ಕೊಟ್ಟದ್ದು ಒಂದು ಪುಸ್ತಕ. ಎಳೆ ಮಕ್ಕಳ ಆರೈಕೆಯ ಬಗ್ಗೆ ಒಬ್ಬ ಡಾಕ್ಟರು ಬರೆದದ್ದು. ಕಪಾಟಿನ ಮೂಲೆಯಲ್ಲಿ ಹುಳು ತಿಂದು ಬಿದ್ದಿತ್ತು. ನೀಲಿ ಬಟ್ಟೆಯ ಹೊದಿಕೆ ಹಾಕಿ ಅದಕ್ಕೆ ಹೊಸ ಹುಟ್ಟು ಕೊಟ್ಟು, ತನ್ನ ಕಾರ್ಡಿನ ಮೇಲೆಯೇ ಎರವಲು ಬರೆಸಿ ತೆಗೆದುಕೊಂಡು ಹೋಗಿದ್ದ. ಹತ್ತು ತಿಂಗಳಾದರೂ ವಾಪಸ್ಸು ತಂದಿರಲಿಲ್ಲ. ಬೇರೆಯವರು ಎರಡು ದಿನ ತಡ ಮಾಡಿದರೆ ಹುಬ್ಬು ಗಂಟಿಕ್ಕುತ್ತಿದ್ದ ಮಹಾಶಯ!

ಆ ಶನಿವಾರ ಹತ್ತು ಗಂಟೆಗೆ ಹೆಂಡತಿಯ ಫೋನು ಬಂತು.

"ಏನ್ರೀ, ಮಗೂಗೆ ನಿನ್ನೆಯಿಂದ ಭೇದಿ ಅಂತೆ. ಅಳಿಯಂದಿರೂ ಊರಲ್ಲಿಲ್ಲ. ಅವಳೊಬ್ಳೇ ಇದಾಳೆ."

ಅಂಟಣ್ಣನ ಎರಡೂ ಕೈಗಳಿಗೆ ಅಂಟು ಮೆತ್ತಿತ್ತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, "ಪುಸ್ತಕ ಕೊಟ್ಟಿದೀನಲ್ಲ. ಅದ್ರಲ್ಲಿ ಇರೋ ಹಾಗೇ ಮಾಡೋಕೆ ಹೇಳು. ದೊಡ್ಡ ಡಾಕ್ಟ್ರು ಬರೆದಿರೋದು" ಎಂದ. ಹೇಳಿ ಫೋನಿಟ್ಟು, ಇನ್ನೊಂದು ಪುಸ್ತಕದ ಬೆನ್ನಿಗೆ ಅಂಟು ಬಳಿಯತೊಡಗಿದ.

ಹನ್ನೊಂದಕ್ಕೆ ತಡಿಕೆಯಾಚೆ ಪಾಠ ಶುರುವಾಯಿತು. ಮೇಡಂ ಏನನ್ನೋ ಗಟ್ಟಿಯಾಗಿ ಓದುತ್ತಿದ್ದರು. "'ಮಗುವಿಗೆ ಭೇದಿಯಾದರೆ ಹೊಟ್ಟೆಗೆ ವಿಶ್ರಾಂತಿ ಕೊಡಬೇಕು. ಒಂದು ಹಗಲು ಒಂದು ರಾತ್ರಿ ಹಾಲು ನಿಲ್ಲಿಸಬೇಕು. ನೀರನ್ನೂ ಆದಷ್ಟು ಕಡಿಮೆ ಕೊಡಬೇಕು.'" ಓದು ನಿಂತಿತು. "ಇದನ್ನ ಬರೆದೋರು ಒಳ್ಳೇ ಡಾಕ್ಟರೇ. ಆ ಕಾಲಕ್ಕೆ ಗೊತ್ತಿದ್ದದ್ದನ್ನೇ ಬರೆದಿದಾರೆ. ಆದ್ರೆ ಇಸವಿ ನೋಡಿ, ಅರವತ್ತು ವರ್ಷ ದಾಟಿದೆ. ಇವತ್ತು ಯಾರಾದ್ರೂ ಹೀಗೆ ಮಾಡಿದ್ರೆ ಮಗು ಮೈಯಲ್ಲಿನ ನೀರೆಲ್ಲ ಬತ್ತಿ ಜೀವಕ್ಕೇ ಕುತ್ತು ಬರುತ್ತೆ. ಈ ಎಳೆ ಮಕ್ಕಳ ಆರೈಕೆ ಪುಸ್ತಕದ ಎರಡು ಪ್ರತಿ ಇತ್ತು ನಮ್ಮಲ್ಲಿ. ಒಂದನ್ನ ಪಾಠಕ್ಕೆ ಅಂತ ಇಟ್ಕೊಂಡಿದೀನಿ. ಇನ್ನೊಂದು ಕಪಾಟಿನಲ್ಲಿ ಕಾಣ್ತಿಲ್ಲ, ಯಾರು ಎರವಲು ತಗೊಂಡಿದಾರೋ ನೋಡ್ಬೇಕು."

ಇನ್ನೊಂದು ಎಲ್ಲಿದೆ ಎಂದು ಅಲ್ಲಿ ಅಂಟಣ್ಣನೊಬ್ಬನಿಗೇ ಗೊತ್ತಿತ್ತು. ಕುಂಚ ಬಿಟ್ಟು ಮಗಳಿಗೆ ಫೋನು ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದ, ಎತ್ತಲಿಲ್ಲ. ಹೆಂಡತಿಗೆ ಮಾಡಿ, "ಅವಳಿಗೆ ಹೇಳಿದ್ಯಾ?" ಎಂದು ಕೇಳಿದ. "ಹೂಂ, ನೀವು ಹೇಳಿದ ತಕ್ಷಣ ಹೇಳ್ದೆ. ಪುಸ್ತಕ ನೋಡ್ತೀನಿ ಅಂದ್ಲು" ಎಂದಳು ಅವಳು, ಪಾಪ, ಕೆಲಸ ಮುಗಿಸಿದ ಸಮಾಧಾನದಲ್ಲಿ.

ಚಪ್ಪಲಿ ಹುಡುಕುವಷ್ಟೂ ಪುರುಸೊತ್ತಿರಲಿಲ್ಲ. ಕೋಣೆಯಲ್ಲಿ ಹಾಕಿಕೊಳ್ಳುವ ರಬ್ಬರಿನ ಸ್ಲಿಪ್ಪರಿನಲ್ಲೇ ಓಡಿದ. ಮಗಳ ಮನೆಗೆ ಎರಡು ಬಸ್ಸು ಬದಲಾಯಿಸಬೇಕು. ಬಸ್ಸಿನಲ್ಲಿ ಹಿಡಿದ ಕಂಬಿ ಅಂಗೈಗೆ ಅಂಟಿಕೊಂಡಿತು. ಪಕ್ಕದಲ್ಲಿದ್ದವರು ಅವನನ್ನು ನೋಡಿ ಸ್ವಲ್ಪ ಸರಿದು ನಿಂತರು. ಅವನ ಕಣ್ಣ ಮುಂದೆ ಇದ್ದದ್ದು ಒಂದೇ, ತಾನು ಅಂಟಿಸಿದ ಆ ಬಿಳಿ ಹಾಳೆ. ಅದೆಷ್ಟು ಚೆನ್ನಾಗಿ ಕೂತಿತ್ತು! ಒಂದು ಸುಕ್ಕಿರಲಿಲ್ಲ. ಹಾಳೆ ಹರಿದಿದ್ದರೂ ಹಾಗೇ ಬಿಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದು ತನ್ನನ್ನೇ ಬೈದುಕೊಂಡ. ಹತ್ತು ತಿಂಗಳ ಕೂಸು. ನೀರು ಬೇಕೆಂದು ಕೇಳಲು ಅದಕ್ಕೆ ಬಾಯಿಯಾದರೂ ಎಲ್ಲಿದೆ?

ಮಗಳ ಮನೆ ಮೂರನೇ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಮಗುವಿನ ಅಳು ಕೇಳಿಸಬಹುದೆಂದು ಕಿವಿಗೊಟ್ಟ. ಕೇಳಿಸಲಿಲ್ಲ. ಅದೇ ಅವನನ್ನು ಇನ್ನಷ್ಟು ಹೆದರಿಸಿತು. ಬಾಗಿಲು ಸುಮ್ಮನೆ ಮುಂದೆ ಹಾಕಿತ್ತು. ತಳ್ಳಿದ.

ಮಗಳು ನೆಲದ ಮೇಲೆ ಗೋಡೆಗೊರಗಿ ಕುಳಿತಿದ್ದಳು. ತೊಡೆಯ ಮೇಲೆ ಕೂಸು. ಪಕ್ಕದಲ್ಲಿ ಮುಚ್ಚಳ ಹಾಕಿದ ಪಾತ್ರೆ, ಕೈಯಲ್ಲಿ ಬಟ್ಟಲು. ಚಮಚ ಬಾಯಿಗೆ ಬರುವವರೆಗೂ ತಾಳ್ಮೆಯಿಲ್ಲದೆ ಮಗು ಅದನ್ನು ಎಳೆದೆಳೆದು ಚೀಪುತ್ತಿತ್ತು.

"ಅಪ್ಪಾ? ಇದೇನು, ಮೈಯೆಲ್ಲ ಬೆವರು!"

"ಏನು ಕೊಡ್ತಿದೀಯ ಅದಕ್ಕೆ? ಏನದು?"

"ಆಸ್ಪತ್ರೇಲಿ ಪುಡಿ ಪೊಟ್ಟಣ ಕೊಟ್ರು, ನೀರಲ್ಲಿ ಕಲಸಿ ಕೊಡೋದು. ಭೇದಿ ಆದಾಗಲೆಲ್ಲ ಕೊಡ್ಬೇಕು, ಎದೆಹಾಲು ನಿಲ್ಲಿಸಲೇಬಾರ್ದು ಅಂದ್ರು ನರ್ಸು. ಈಗಷ್ಟೇ ಬಂದ್ವಿ. ಫೋನು ಇಲ್ಲೇ ಚಾರ್ಜಿಗೆ ಬಿಟ್ಟು ಹೋಗಿದ್ದೆ."

ಅಂಟಣ್ಣ ಬಾಗಿಲ ಪಕ್ಕದಲ್ಲೇ ಕುಳಿತ. "ಪುಸ್ತಕ ನೋಡ್ಲಿಲ್ವಾ?"

ಮಗಳು ಮಗುವಿನ ಬಾಯಿಗೆ ಇನ್ನೊಂದು ಚಮಚ ಹಾಕಿದಳು. ಆಮೇಲೆ, "ನೋಡ್ದೆ. ಹಾಲು ನೀರು ಕೊಡಬೇಡಿ ಅಂತಿತ್ತು. ಯಾವ ಕಾಲದ್ದು ನೋಡೋಣ ಅಂತ ಮೊದಲ ಹಾಳೆ ತೆಗೆದೆ. ಖಾಲಿ. ಮುಂದೆ ಹುಡುಕಿದೆ, ಹಿಂದೆ ಹುಡುಕಿದೆ, ಇಸವಿನೇ ಇಲ್ಲ. ತಾರೀಖಿಲ್ಲದ ಔಷಧಿ ಮಗೂಗೆ ಹಾಕ್ತೀವಾ? ಪುಸ್ತಕ ಮುಚ್ಚಿಟ್ಟು ಆಸ್ಪತ್ರೆಗೆ ಓಡಿದೆ" ಎಂದಳು. "ನಿಂಗೆ ಹೇಳಿದ್ರೆ ಬೇಜಾರಾಗುತ್ತೆ ಅನ್ಕೊಂಡೆ. ನೀನು ಅಷ್ಟು ಚೆನ್ನಾಗಿ ಕಟ್ಟಿಕೊಟ್ಟಿದ್ದೆ."

"ಇಸವಿ ನೋಡ್ಬೇಕು ಅಂತ ನಿಂಗ್ಯಾರು ಹೇಳಿದ್ದು?"

"ಇನ್ಯಾರು, ಮೇಡಂ. ಹೈಸ್ಕೂಲಲ್ಲಿದ್ದಾಗ ಶನಿವಾರ ನಿನ್ನ ಕೆಲಸ ಮುಗಿಯೋ ತನಕ ಎಲ್ಲಿ ಕೂತಿರ್ತಿದ್ದೆ ಅನ್ಕೊಂಡಿದೀಯ?"

ತಡಿಕೆಯಾಚೆ ಕುಳಿತು ಮಗಳು ಕೇಳಿಸಿಕೊಳ್ಳುತ್ತಿದ್ದಳು, ಈಚೆ ಕುಳಿತು ತಾನು ಗೊಣಗುತ್ತಿದ್ದ. ಅಂಟಣ್ಣನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಕೈ ತೊಳೆದುಕೊಂಡು ಬಂದು ಮೊಮ್ಮಗಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ. "ಕಣ್ಣು ಗುಳಿ ಬಿದ್ರೆ, ಮಂಕಾದ್ರೆ, ಉಚ್ಚೆ ನಿಂತ್ರೆ ತಕ್ಷಣ ಕರ್ಕೊಂಡು ಬನ್ನಿ ಅಂದಿದಾರೆ" ಎಂದು ಮಗಳು ಹೇಳುತ್ತಿರುವಾಗಲೇ ಅವನ ಪಂಚೆ ಬೆಚ್ಚಗೆ ಒದ್ದೆಯಾಯಿತು.

ಅಂಟಣ್ಣ ಕೆಳಗೆ ನೋಡಿಕೊಂಡ. ಮಗು ಅವನನ್ನೇ ನೋಡುತ್ತ ತುಟಿ ಚಪ್ಪರಿಸಿತು. "ಉಚ್ಚೆ ಹೊಯ್ದಳು!" ಎಂದು ಅವನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲು ತೆರೆದು ಇಣುಕಿದರು. "ನೋಡೇ, ಎಷ್ಟೊಂದು ಹೊಯ್ದಳು ನೋಡು!" ಹೋದ ಜೀವ ಬಂದ ಹಾಗಾಗಿತ್ತು ಅವನಿಗೆ. ಮಗಳು ನಗುತ್ತ ಬಟ್ಟೆ ತಂದು ಕೊಟ್ಟರೂ ಏಳದೆ, ಒದ್ದೆ ಪಂಚೆಯಲ್ಲೇ ಬಹಳ ಹೊತ್ತು ಕುಳಿತಿದ್ದ.

ಸೋಮವಾರದ ಹೊತ್ತಿಗೆ ಭೇದಿ ನಿಂತಿತ್ತು. ಅಂಟಣ್ಣ ನೀಲಿ ಪುಸ್ತಕ ತಂದು ಮೇಡಂ ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದ. ಅವರ ಎದುರಿಗೇ ಚಾಕು ತೆಗೆದು ಬೆನ್ನು ಸೀಳಿ, ಒದ್ದೆ ಬಟ್ಟೆಯಿಂದ ನೆನೆಸಿ ನೆನೆಸಿ, ಒಳಗಿನ ಮಡಿಕೆ ಬಿಡಿಸಿದ. ಕಿತ್ತ ಹಾಳೆ ಅಲ್ಲೇ ಇತ್ತು. ಡಾಕ್ಟರ ಹೆಸರು, ಕೆಳಗೆ ಇಸವಿ. ಅಂಟಣ್ಣ ಹುಟ್ಟುವುದಕ್ಕಿಂತ ನಾಲ್ಕು ವರ್ಷ ಹಿಂದಿನದು.

"ಇನ್ನೂ ಎಷ್ಟು ಪುಸ್ತಕದಲ್ಲಿ ಹೀಗೆ ಮಾಡಿದೀನೋ, ಲೆಕ್ಕ ಇಲ್ಲ ಮೇಡಂ" ಎಂದ.

"ನಿಮ್ಮೊಬ್ರದ್ದೇ ಅಲ್ಲ ತಪ್ಪು. ಆ ಆರೋಗ್ಯದ ಕಪಾಟನ್ನ ವರ್ಷಕ್ಕೊಂದ್ಸಲ ನಾನು ಸೋಸಿ ನೋಡ್ಬೇಕಿತ್ತು. ಪ್ರತಿ ಪುಸ್ತಕದ ಇಸವಿ ನಮ್ಮ ದಾಖಲೆ ಪುಸ್ತಕದಲ್ಲಿದೆ. ಕೂತ್ಕೊಳ್ಳಿ, ಶುರು ಮಾಡೋಣ" ಎಂದರು ಮೇಡಂ.

ಐದು ದಿನ ಇಬ್ಬರೂ ಆ ಕಪಾಟಿನ ಮುಂದೆ ಕುಳಿತರು. ಕಾಲ ಮೀರಿದ ಪುಸ್ತಕಗಳು ಕೆಳಗಿಳಿದವು. ಉಳಿದವುಗಳ ಬೆನ್ನ ಮೇಲೆ, ಹೆಸರಿನ ಕೆಳಗೆ, ಅಂಟಣ್ಣ ಅದೇ ಬಂಗಾರದ ಬಣ್ಣದಲ್ಲಿ ಇಸವಿ ಒತ್ತಿದ. ಹರಿದ ಮೊದಲ ಹಾಳೆಯನ್ನು ಈಗ ಕೀಳುವುದಿಲ್ಲ, ತೆಳು ಕಾಗದ ಅಂಟಿಸಿ ಹಾಗೇ ಉಳಿಸುತ್ತಾನೆ. ಪುಸ್ತಕ ಮುದಿಯಾಗಿ ಕಾಣುತ್ತದೆ. ಕಂಡರೆ ಕಾಣಲಿ ಎನ್ನುತ್ತಾನೆ.

ಮುಂದಿನ ಶನಿವಾರ ಹನ್ನೊಂದಕ್ಕೆ ಅಂಟಣ್ಣ ತಡಿಕೆಯ ಆಚೆಗೆ ಬಂದ. ಮೇಡಂ ಕರೆದಾಗ ಎದ್ದು ನಿಂತು, ಬೆನ್ನು ಮತ್ತೆ ಕಟ್ಟಿದ್ದ ನೀಲಿ ಪುಸ್ತಕವನ್ನು ಎತ್ತಿ ಹಿಡಿದ. "ಇದನ್ನ ಕಟ್ಟಿದ್ದು ನಾನೇ. ಚೆನ್ನಾಗಿದೆ ಅಲ್ವಾ? ಅಷ್ಟಕ್ಕೇ ನಂಬಬೇಡಿ. ಒಳಗೆ ತೆಗೆದು ಇಸವಿ ನೋಡಿ. ಇಲ್ದಿದ್ರೆ ಬಂದು ನಮ್ಮನ್ನ ಕೇಳಿ" ಎಂದ. ಇನ್ನೂ ಏನೇನೋ ಹೇಳಬೇಕೆಂದು ಬರೆದುಕೊಂಡು ಬಂದಿದ್ದ. ಆದರೆ ಮುಂದಿನ ಸಾಲಿನಲ್ಲಿ ಮಗಳ ತೊಡೆಯ ಮೇಲಿದ್ದ ಕೂಸು, ಹೊಳೆಯುವ ಅಕ್ಷರಗಳತ್ತ ಎರಡೂ ಕೈ ಚಾಚಿ ಕೇಕೆ ಹಾಕುತ್ತಿತ್ತು. ಅಂಟಣ್ಣ ಪುಸ್ತಕವನ್ನು ಮೇಜಿನ ಮೇಲಿಟ್ಟು ಅವಳನ್ನು ಎತ್ತಿಕೊಂಡ.