ಒಂದು ಹಿಡಿ ಕಡಿಮೆ

ಊರಿನವರು ಅವನನ್ನು ತಕ್ಕಡಿ ಮೇಸ್ತ್ರಿ ಎನ್ನುತ್ತಿದ್ದರು. ಅಂಗಡಿಯವರು ಬೆನ್ನ ಹಿಂದೆ ಇಟ್ಟ ಹೆಸರು ಬೇರೆ, ಅದನ್ನು ಇಲ್ಲಿ ಬರೆಯುವಂತಿಲ್ಲ. ನಲವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದವನು. ತಟ್ಟೆಯ ತಳಕ್ಕೆ ಮೆತ್ತಿದ ಸೀಸದ ಚೂರನ್ನು ಉಗುರಲ್ಲಿ ಕಿತ್ತು, ಗಿರಾಕಿಗಳ ಎದುರಿಗೇ, "ಇದು ತಾನೇ ಬೆಳೆದುಕೊಂಡಿತೋ, ಯಜಮಾನರೇ?" ಎಂದು ಕೇಳುವ ಚಟ ಅವನದು. ಹಾಗಾಗಿ ತಕ್ಕಡಿ ಪೂರ್ತಿ ಕೈಕೊಡುವ ತನಕ ಯಾರೂ ಅವನಿಗೆ ಹೇಳಿ ಕಳಿಸುತ್ತಿರಲಿಲ್ಲ.

ಮನೆಯ ನಡುಕೋಣೆಯಲ್ಲಿ, ಮಂಚದ ಪಕ್ಕಕ್ಕೆ, ಮೂಟೆ ತೂಗುವ ಹಳೆಯ ಯಂತ್ರವೊಂದಿತ್ತು. ಮುಚ್ಚಿಹೋದ ಗೋದಾಮಿನದು, ಪೌಂಡಿನ ಲೆಕ್ಕದ್ದು. ಯಾರಿಗೂ ಬೇಡವಾಗಿ, ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆಯ ಸಮೇತ ಇವನ ಪಾಲಿಗೆ ಬಂದಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ, "ಪೌಂಡು ಅಂದ್ರೆ ಎಷ್ಟು?" ಎಂದು ಕೇಳಿದ್ದಳು.

"ನಾನೂರ ಐವತ್ಮೂರು ಪಾಯಿಂಟ್ ಐದು ಒಂಬತ್ತು ಗ್ರಾಂ."

"ಅಡುಗೆಮನೆಗೆ ಆಗೋ ಹಾಗೆ ಹೇಳಿ, ಪುಣ್ಯಾತ್ಮರೇ."

"ಅರ್ಧ ಕಿಲೋ ಅಂದ್ಕೋ. ಒಂದು ಹಿಡಿ ಕಡಿಮೆ."

ಅಷ್ಟು ಅಂದಾಜಿನ ಲೆಕ್ಕ ಹೇಳಿದ್ದಕ್ಕೆ ಅವನಿಗೆ ಎರಡು ದಿನ ಊಟ ಸೇರಿರಲಿಲ್ಲ.

ಈಗ ಅದೇ ಹೆಂಡತಿಯ ಹೊಟ್ಟೆಯಲ್ಲಿ ಗಡ್ಡೆ. ಎರಡು ಸುತ್ತು ಔಷಧಿ ಏರಿಸಿದ್ದರು. ಎರಡನೆಯ ಸುತ್ತಿಗೆ ಅವಳು ಹನ್ನೊಂದು ದಿನ ತಲೆ ಎತ್ತಿರಲಿಲ್ಲ. ಡಾಕ್ಟರು ಹೇಳಿದ್ದು ಇಷ್ಟೇ: "ಮೂರನೇ ಸುತ್ತಿಗೆ ನಲವತ್ತು ಕಿಲೋ ಇರಲೇಬೇಕು. ಕೆಳಗಿಳಿದರೆ ಕೊಡಕ್ಕಾಗಲ್ಲ. ಬೇರೆ ದಾರಿನೂ ಇಲ್ಲ." ಅಂದಿನಿಂದ ಮೇಸ್ತ್ರಿ ದಿನಾ ಬೆಳಗ್ಗೆ ಅವಳನ್ನು ಎತ್ತಿ ಮೂಟೆಯ ಯಂತ್ರದ ಮೇಲೆ ನಿಲ್ಲಿಸುತ್ತಿದ್ದ.

ಆಸ್ಪತ್ರೆಗೆ ಹೋಗಬೇಕಾದ ದಿನ ಮುಳ್ಳು ಎಂಬತ್ನಾಲ್ಕಕ್ಕೆ ನಿಂತಿತು.

"ಎಷ್ಟಂತೆ?"

"ಎಂಬತ್ನಾಲ್ಕು."

ಅವಳ ತುಟಿ ಅಲ್ಲಾಡಿತು. "ಅರ್ಧ ಮಾಡಿದ್ರೆ ನಲವತ್ತೆರಡು. ಪರವಾಗಿಲ್ವೇ, ಎರಡು ಕಿಲೋ ಮಿಗಿಸ್ಕೊಂಡಿದೀನಿ."

ಮೇಸ್ತ್ರಿ "ಹೂಂ" ಅಂದ. ಅವನ ತಲೆ ಮಾತ್ರ ಯಾರೂ ಕೇಳದೆಯೇ ಲೆಕ್ಕ ಮುಗಿಸಿತ್ತು. ಪೌಂಡಿಗೊಂದು ಹಿಡಿಯಂತೆ ಎಂಬತ್ನಾಲ್ಕು ಹಿಡಿ, ಹತ್ತಿರ ಹತ್ತಿರ ನಾಲ್ಕು ಕಿಲೋ. ಉಳಿದದ್ದು ಮೂವತ್ತೆಂಟು.

ಅವಳು ಮುಖ ತೊಳೆಯುವಷ್ಟರಲ್ಲಿ ಅವನು ಪೆಟ್ಟಿಗೆಯಿಂದ ನಾಲ್ಕು ಪೌಂಡಿನದೊಂದು, ಒಂದು ಪೌಂಡಿನದೊಂದು ಬಟ್ಟು ತೆಗೆದು ಅವಳ ದಪ್ಪ ಕೋಟಿನ ಅಸ್ತರಿನೊಳಗೆ ಸೇರಿಸಿ ಹೊಲಿದ. ಹೊಲಿಗೆ ನೀಟಾಗಿಯೇ ಬಂತು. ನಲವತ್ತು ವರ್ಷ ಕಳ್ಳರ ಕೈಕೆಲಸ ನೋಡಿದವನು ಅಷ್ಟಾದರೂ ಕಲಿಯದೆ ಇರುತ್ತಾನೆಯೇ.

ಆಸ್ಪತ್ರೆಯ ತೂಕದ ಕೋಣೆ ಬಚ್ಚಲಿನಷ್ಟಿತ್ತು. ನರ್ಸು ಕೇಳಿದಳು, "ಕೋಟು ತೆಗೀತೀರಾ ಅಮ್ಮ?"

"ಬೇಡ ಸಿಸ್ಟರ್, ಚಳಿಗೆ ನಡುಗ್ತಾಳೆ," ಎಂದು ಮೇಸ್ತ್ರಿಯೇ ಅಡ್ಡ ಬಂದ.

ಕೋಟೂ ಸೇರಿ ನಲವತ್ತೊಂದು ಪಾಯಿಂಟ್ ಎರಡು. ನರ್ಸು ಬರೆದುಕೊಂಡಳು. ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು.

"ಸರಿ, ಈ ತೂಕಕ್ಕೆ ಔಷಧಿ ಅಳೆಯೋಕೆ ಹೇಳ್ತೀನಿ."

"ತೂಕಕ್ಕೆ?"

"ಮತ್ತೆ? ಕಿಲೋಗೆ ಇಷ್ಟು ಅಂತ ಲೆಕ್ಕ. ಒಂಚೂರು ಜಾಸ್ತಿಯಾದ್ರೂ ಇವರ ಮೈ ತಡೆಯಲ್ಲ."

ನಲವತ್ತು ಕಿಲೋ ಎಂದರೆ ದಾಟಬೇಕಾದ ಹೊಸಿಲು, ಅಷ್ಟೆ ಎಂದುಕೊಂಡಿದ್ದ ಮೇಸ್ತ್ರಿ. ಐದು ಪೌಂಡು ಹಿತ್ತಾಳೆಗೆಂದು ಅಳೆದ ಔಷಧಿಯನ್ನು ಹಿತ್ತಾಳೆ ಕುಡಿಯುವುದಿಲ್ಲ. ಅದು ಅವಳ ನರಕ್ಕೇ ಇಳಿಯಬೇಕು. ಆ ಹನ್ನೊಂದು ದಿನ ಕಣ್ಣೆದುರು ಬಂತು. ಬಾಯಿ ಮುಚ್ಚಿಕೊಂಡಿದ್ದರೆ ಅವಳಿಗೆ ಮೂರನೇ ಸುತ್ತು ಸಿಗುತ್ತದೆ, ಬಾಯಿ ಬಿಟ್ಟರೆ ಏನೂ ಸಿಗುವುದಿಲ್ಲ.

"ಸಿಸ್ಟರ್," ಅಂದ ಅವನು, "ಕೋಟು ತೆಗೆದು ಇನ್ನೊಂದ್ಸಲ ತೂಗಿ."

ನರ್ಸು ಕೋಟು ಬಿಚ್ಚಿದಳು. ಅದರ ಭಾರಕ್ಕೆ ಅವಳ ಕೈ ಜಗ್ಗಿತು. ಅಸ್ತರನ್ನು ಮುಟ್ಟಿ ನೋಡಿ ಮುದುಕನ ಮುಖ ನೋಡಿದಳು. ಮಾತಾಡಿದ್ದು ಯಂತ್ರದ ಮೇಲೆ ನಿಂತಿದ್ದ ಹೆಂಡತಿ, ಮೆಲ್ಲಗೆ:

"ತಾನೇ ಬೆಳೆದುಕೊಂಡಿತೋ, ಯಜಮಾನರೇ?"

ಮೂವತ್ತೆಂಟು ಪಾಯಿಂಟ್ ಒಂದು. ಡಾಕ್ಟರು ಬಂದು ಕಾಗದ ನೋಡಿ, ನೋವಿನ ಮಾತ್ರೆ ಬರೆದುಕೊಟ್ಟು, ಮನೆಗೆ ಕರೆದುಕೊಂಡು ಹೋಗಿ ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೆ, ಅವನು ತೊಡೆಯ ಮೇಲೆ ಕೋಟು ಇಟ್ಟುಕೊಂಡು.

"ನಿಂಗೆ ನಿಜವಾದ ತೂಕ ಗೊತ್ತಿತ್ತಾ?"

"ನಿಮ್ಮ ಪೌಂಡಿನ ಬಟ್ಟಿನಲ್ಲೇ ಅಲ್ವಾ ನಾನು ಇಷ್ಟು ವರ್ಷ ಹಿಟ್ಟು ತೂಗಿದ್ದು. ಮೇಲೊಂದು ಹಿಡಿ ಹಾಕ್ದೆ ಅರ್ಧ ಕಿಲೋ ಒಂದು ದಿನಾನೂ ಸರಿಹೋಗಿಲ್ಲ."

"ಮತ್ಯಾಕೆ ನಲವತ್ತೆರಡು ಅಂದೆ?"

"ನೀವು ಹೂಂ ಅಂತೀರೋ ಇಲ್ವೋ ನೋಡೋಣ ಅಂತ."

"ಕೋಟಿಂದು?"

"ನಿಂತ್ಕೊಳಕ್ಕೇ ಆಗದವಳ ಮೈಮೇಲೆ ಐದು ಪೌಂಡು ಹೇರಿದ್ರೆ ತಿಳಿಯಲ್ವೇ?" ಅವನ ತೊಡೆಯ ಮೇಲಿದ್ದ ಕೋಟಿನ ತೋಳನ್ನು ಮಡಿಸುತ್ತಾ ಹೇಳಿದಳು, "ನಂಗೂ ಆಸೆ ಇತ್ತು ಕಣ್ರೀ. ಅದಕ್ಕೇ ಸುಮ್ಮನಿದ್ದೆ."

ಮಾರನೆಯ ಬೆಳಗ್ಗೆ ಅವನು ಯಂತ್ರದ ಮೇಲೆ ಬಟ್ಟೆ ಮುಚ್ಚಿದ್ದ. ಅವಳೇ ತೆಗೆಸಿದಳು. ಮುಳ್ಳು ಎಂಬತ್ಮೂರಕ್ಕೆ ನಿಂತಿತು.

"ಕಿಲೋದಲ್ಲಿ ಹೇಳಿ. ಅಡುಗೆಮನೆ ಲೆಕ್ಕ ಬೇಡ."

ಮೇಸ್ತ್ರಿ ಹೇಳಿದ, "ಮೂವತ್ತೇಳು ಕಿಲೋ. ಆರುನೂರ ನಲವತ್ತೆಂಟು ಗ್ರಾಂ."

"ಹೂಂ," ಅಂದಳು ಅವಳು. ಅವನು ಅವಳನ್ನು ಎತ್ತಿ ಮಂಚಕ್ಕೆ ಹಾಕಿದ.