ಗೋರಿಯಿಲ್ಲದ ಹಾಜಿಗೆ ಒಂದು ಹಿಡಿ ಅರಳೆ

ಯಾದಗಿರಿಯ ಸ್ಟೇಶನ್ ರಸ್ತೆಯಲ್ಲಿ ಗಾದಿ ಅಂಗಡಿ ಇಟ್ಟಿರುವ ಅತೀಕನ ಮನೆಯಲ್ಲಿ ಅವನ ತಾಯಿ ಜೈತುನಬೀ ಆಡಿದ್ದೇ ಕೊನೆಯ ಮಾತು. ಅಂಗಡಿಗೆ ಹತ್ತಿ ಹಿಂಜುವ ಯಂತ್ರ ತರುವುದಿರಲಿ, ಮನೆಗೆ ಅಳಿಯನನ್ನು ತರುವುದಿರಲಿ, ಅವಳನ್ನು ಕೇಳದೆ ಅತೀಕ ಹೆಜ್ಜೆ ಎತ್ತಿಡುವವನಲ್ಲ. ಕಿರಿಯ ಮಗಳು ಹುಮೇರಾಗೆ ಚೆನ್ನೈಯ ವಿಶ್ವವಿದ್ಯಾಲಯವೊಂದರಲ್ಲಿ ಹಡಗು ಸಾಗಣೆಯ ನಿರ್ವಹಣೆ ಓದಲು ಸೀಟು ಸಿಕ್ಕಾಗಲೂ ಅವನು ಹೇಳಿದ್ದು ಇಷ್ಟೇ: "ದಾದಿ ಹ್ಞೂಂ ಅಂದ್ರ ಹೋಗವ್ವ."

ಅಜ್ಜಿ ಜೈತುನಬೀ ಹ್ಞೂಂ ಅನ್ನಲಿಲ್ಲ.

"ನಮ್ಮ ಮನಿಯಿಂದ ಸಮುದ್ರಕ್ಕ ಒಬ್ಬರನ್ನ ಕೊಟ್ಟೀವಿ. ಸಾಕು," ಅಂದಳು.

ಕೊಟ್ಟದ್ದು ಅವಳ ಅಪ್ಪನನ್ನು. ದೋರನಹಳ್ಳಿಯ ಪಿಂಜಾರ ಮೌಲಾಲಿ ಹೆಗಲ ಮೇಲೆ ಕಮಾನು ಹೊತ್ತು ಊರೂರು ತಿರುಗಿ ಹತ್ತಿ ಹಿಂಜುತ್ತಿದ್ದವನು. ಸುತ್ತಿನ ಯಾವ ಊರಲ್ಲಿ ಸಾವಾದರೂ ಹೆಣಕ್ಕೆ ಸುತ್ತುವ ಕಫನದ ಒಳಗೆ ಅತ್ತರು ಹಚ್ಚಿ ಇಡುವ ಅರಳೆ ಅವನ ಮನೆಯಿಂದಲೇ ಹೋಗಬೇಕು. ಅದಕ್ಕೆ ಏನನ್ನೂ ಇಸಿದುಕೊಳ್ಳಬಾರದು. ಅದು ಆ ಮನೆತನದ ರಿವಾಜು. ಆಗ ಹಾಜಿಗಳು ಬೊಂಬಾಯಿಯಿಂದ ಹಡಗಿನಲ್ಲೇ ಹೋಗುತ್ತಿದ್ದ ಕಾಲ. ಮೌಲಾಲಿ ಹಜ್ ಮುಗಿಸಿ ಮರಳುವಾಗ ಹಡಗಿನಲ್ಲಿ ಜ್ವರ ಬಂದು ತೀರಿಕೊಂಡ. ಅಲ್ಲೇ ಮೈ ತೊಳೆದು, ನಮಾಜು ಮಾಡಿ, ನೀರಿಗೆ ಇಳಿಸಿದರು. ಜೊತೆಗಿದ್ದ ಸುರಪುರದ ಲಾಡ್ಲೇಸಾಬ ಊರಿಗೆ ಬಂದು ಸುದ್ದಿ ಹೇಳಲು ಜೈತುನಬೀಯನ್ನು ಹುಡುಕಿದಾಗ ಆಕೆ ಹೊಸ ಮದುಮಗಳು. ಗಂಡನ ಜೊತೆ ಹತ್ತಿಕುಣಿಯ ಮದುವೆ ಮನೆಯೊಂದರಲ್ಲಿ ಗಾದಿಗೆ ಹತ್ತಿ ತುಂಬುತ್ತಿದ್ದಳು. ಅರಳೆ ಹತ್ತಿದ ಕೈಯಲ್ಲೇ ಎದ್ದು ಕೆರೆಯ ದಂಡೆಗೆ ಓಡಿದ್ದಳಂತೆ.

ಗೋರಿ ಇಲ್ಲದವನಿಗೆ ಹೂ ಎಲ್ಲಿ ಹಾಕುವುದು? ಅಂದಿನಿಂದ ಪ್ರತಿ ವರ್ಷ, ಮೊಹರಮ್ಮಿನ ಪೀರಗಳು ಹೊಳೆಗೆ ಹೋದ ಮರುವಾರ, ಆಕೆ ಹತ್ತಿಕುಣಿ ಕೆರೆಗೆ ಹೋಗಿ, ತಾನೇ ಕೈಯಲ್ಲಿ ಹಿಂಜಿದ ಒಂದು ಹಿಡಿ ಅರಳೆಯನ್ನು ನೀರಿಗೆ ಬಿಟ್ಟು ಫಾತೆಹಾ ಪ್ರಾರ್ಥನೆ ಓದಿ ಬರುತ್ತಾಳೆ. ಊರಿಗೆಲ್ಲ ಅರಳೆ ಕೊಟ್ಟವನಿಗೆ ಕೊನೆಗೆ ಅರಳೆ ಸಿಕ್ಕಿತೋ ಇಲ್ಲವೋ ಎಂಬುದೊಂದೇ ಆಕೆಯ ಕೊರಗು.

ಹುಮೇರಾ ದನಿ ಎತ್ತಿ ಮಾತಾಡುವ ಹುಡುಗಿಯಲ್ಲ. ಅಂಗಡಿಯಲ್ಲಿ ಗಾದಿಗೆ ಟಾಕಾ ಹಾಕುತ್ತಲೇ ಬಿ.ಕಾಂ. ಮುಗಿಸಿದಳು. ಕಾಲೇಜಿನಲ್ಲಿ ಶಾಂತಪ್ಪ ಸರ್ ಒಮ್ಮೆ, ನಮ್ಮ ಭಾಗದ ಹತ್ತಿ ಬೇಲುಗಳಾಗಿ ಹಡಗು ಹತ್ತುತ್ತದೆ ಎಂದು ಹೇಳುತ್ತಿದ್ದಾಗ ಅವಳು ಹೇಗೋ ಧೈರ್ಯ ಮಾಡಿ ಕೇಳಿದ್ದಳು: "ಸರ್, ಹಡಗಿನ ಬಾಡಿಗಿ ಯಾರು ಹೇಳ್ತಾರ್ರಿ?"

"ಖರೇ ಹೇಳಬೇಕಂದ್ರ ನನಗೂ ಗೊತ್ತಿಲ್ಲವ್ವ. ಅದಕ್ಕ ಬ್ಯಾರೆ ಓದೇ ಅದ," ಅಂದಿದ್ದರು ಶಾಂತಪ್ಪ.

ಆ ಬೇರೆ ಓದು ಯಾವುದೆಂದು ಹುಡುಕುತ್ತಾ ಹೋದಳು. ಅಣ್ಣ ತೌಫೀಕ್ ಆಟೋ ಓಡಿಸುತ್ತಾನೆ. ಗುರುಮಠಕಲ್ಲಿಗೆ ಬಾಡಿಗೆ ಹೋದರೆ ಖಾಲಿ ಬರುವ ದಾರಿಯದನ್ನೂ ಸೇರಿಸಿ ಕೇಳುತ್ತಾನೆ. ದಿನವೂ ಅದೇ ಜಗಳ. ಸಮುದ್ರದಲ್ಲೂ ಅದೇ ಜಗಳವಿದೆ, ತುಂಬಿ ಹೋದ ಕಂಟೇನರು ಖಾಲಿ ಮರಳುವ ಖರ್ಚನ್ನು ಯಾರು ಹೊರಬೇಕೆಂದು ದೇಶ ದೇಶಗಳೇ ಗುದ್ದಾಡುತ್ತವೆ ಎಂದು ಓದಿದ ದಿನ ಅವಳು ಒಬ್ಬಳೇ ನಕ್ಕಳು. ಸಮುದ್ರ ನೋಡದಿದ್ದರೂ ಇದು ತನಗೆ ತಿಳಿಯುವ ಓದು ಅನ್ನಿಸಿತು. ಪ್ರವೇಶ ಪರೀಕ್ಷೆ ಬರೆದಳು, ಪಾಸಾದಳು. ಬರುವ ಸೋಮವಾರದೊಳಗೆ ಹೋಗಿ ಸೇರದಿದ್ದರೆ ಸೀಟು ಇನ್ನೊಬ್ಬರಿಗೆ.

ದಾದಿಗೆ ಏನು ಹೇಳಬೇಕೆಂದು ಎರಡು ದಿನ ಯೋಚಿಸಿದಳು. ಆಮೇಲೆ ಅಕ್ಕಿ ಆರಿಸುತ್ತಿದ್ದವಳ ಪಕ್ಕ ಕೂತು ಮೆಲ್ಲಗೆ ಹೇಳಿದಳು: "ದಾದಿ, ನಾ ಹಡಗ ಹತ್ತಂಗೇ ಇಲ್ಲ. ದಂಡ್ಯಾಗ ಆಫೀಸ್ ಇರ್ತದ. ಅಲ್ಲೇ ಕುಂತು ಯಾವ ಹಡಗಿಗೆ ಎಷ್ಟು ತುಂಬಬೇಕು, ಬಾಡಿಗಿ ಎಷ್ಟು ಅಂತ ನೋಡೋದು. ನನ್ನ ಕಾಲಿಗೆ ನೀರೂ ಹತ್ತಂಗಿಲ್ಲ."

ಜೈತುನಬೀಯ ಕೈ ಮೊರದ ಮೇಲೆ ನಿಂತಿತು.

"ದಂಡ್ಯಾಗ ಕುಂತು ತುಂಬಸಾಕಿ ನೀನು?"

"ಹೌದು ದಾದಿ."

"ನಮ್ಮಪ್ಪಗೆ ಕಾಲು ಚಾಚಾಕ ಜಾಗ ಇರಲಿಲ್ಲಂತ. ಜ್ವರದಾಗ ಕುಂತಲ್ಲೇ ಕುಂತಿದ್ನಂತ. ಅಷ್ಟು ಮಂದೀನ ತುಂಬಿದಾಂವ ಯಾಂವ? ಹಡಗಿನಾಗಿನವನಲ್ಲ. ಹಡಗಿನ ಖಲಾಸಿ ತನ್ನ ಹೊಸ ಲುಂಗಿ ಹರದು ಹೊಚ್ಚಿದನಂತ, ಲಾಡ್ಲೇಸಾಬ ಕಣ್ಣಾರೆ ನೋಡ್ಯಾನ. ದಂಡ್ಯಾಗ ಕುಂತಾಂವ ಏನ ಕೊಟ್ಟ? ಟಿಕೆಟ್ ಕೊಟ್ಟ!"

ಸಮಾಧಾನವೆಂದು ಹೇಳಿದ ಮಾತೇ ಗಾಯಕ್ಕೆ ತಾಗಿತ್ತು. ಇಷ್ಟು ವರ್ಷ ಮನೆಯವರೆಲ್ಲ ದಾದಿಗೆ ಸಿಟ್ಟಿರುವುದು ಸಮುದ್ರದ ಮೇಲೆ ಅಂದುಕೊಂಡಿದ್ದರು. ಹುಮೇರಾ ಎದ್ದು ಅಂಗಡಿಗೆ ಹೋದಳು.

ಆಮೇಲಿನ ದಿನಗಳಲ್ಲಿ ಅವಳು ಆ ವಿಷಯ ಎತ್ತಲಿಲ್ಲ. ಶುಕ್ರವಾರ ಒಬ್ಬ ಗಿರಾಕಿ ಮಗಳ ಮದುವೆಗೆಂದು ಗಾದಿ ಹೊಲಿಸಲು ಬಂದ. ಹೊಸ ಹತ್ತಿ ಸಾಲದೆ ಅತೀಕ ಹಳೆಯದನ್ನು ಬೆರೆಸಲು ಹೊರಟಿದ್ದ. ಹುಮೇರಾ ಸೂಜಿಯಿಂದ ತಲೆ ಎತ್ತದೆ ಅಪ್ಪನಿಗೆ, "ಅಬ್ಬಾ, ಅದು ಹಳೇ ಹತ್ತಿ. ಗಂಟು ಕಟ್ತದ," ಅಂದಳು. ಗಿರಾಕಿ ಇಬ್ಬರ ಮುಖವನ್ನೂ ನೋಡಿದ. ಅತೀಕ ಕೆಮ್ಮಿ, ನಾಳೆ ಬರಲು ಹೇಳಿ ಕಳಿಸಿದ. ಒಳಗಿನ ಹೊಸ್ತಿಲಲ್ಲಿ ಕೂತು ಜೈತುನಬೀ ಅರಳೆ ಹಿಂಜುತ್ತಿದ್ದಳು.

ಮರುದಿನವೇ ಹತ್ತಿಕುಣಿಗೆ ಹೋಗುವ ದಿನ. ತೌಫೀಕ್ ಆಟೋದಲ್ಲಿ ದಾದಿ ಮತ್ತು ತಂಗಿಯನ್ನು ಕೂಡಿಸಿಕೊಂಡ.

"ಕಪ್ತಾನ ಸಾಹೇಬ್ರ, ಗಟ್ಟಿ ಹಿಡಕೋರಿ. ತೆಗ್ಗಿನಾಗ ನಮ್ಮ ಹಡಗ ಹಾರ್ತದ," ಅಂದ ತಂಗಿಗೆ.

"ಸುಮ್ನ ಓಡಸೋ, ಬಾಯಿಬಡಕಾ," ಅಂದಳು ಜೈತುನಬೀ.

ಕೆರೆಯಲ್ಲಿ ನೀರು ಚೆನ್ನಾಗಿತ್ತು. ಗಾಳಿ ಮಾತ್ರ ಎದುರಿನಿಂದ ಬೀಸುತ್ತಿತ್ತು. ಜೈತುನಬೀ ಗಂಟು ಬಿಚ್ಚಿ ಚಿಟಿಕೆ ಅರಳೆ ನೀರಿಗೆ ಬಿಟ್ಟಳು. ಅದು ಎರಡು ಮೊಳ ಹೋಗಿ, ತಿರುಗಿ ಬಂದು ಅವಳ ಕಾಲಿಗೇ ಅಂಟಿತು. ಮತ್ತೆ ಬಿಟ್ಟಳು. ಮತ್ತೆ ಬಂತು.

"ದಾದಿ, ಕೆರಿಗೆ ಅಡ್ಡ ಕಟ್ಟಿ ಕಟ್ಯಾರಲ್ಲ. ಇಲ್ಲಿಂದ ಸಮುದ್ರಕ್ಕ ಹ್ಯಾಂಗ ಹೋಗ್ತದ ಅದು? ನೀ ಬಿಟ್ಟ ಅರಳಿ ಎಲ್ಲಾ ಇಲ್ಲಿನ ಮೀನದ ಹೊಟ್ಟ್ಯಾಗೇ ಅದ," ಅಂದ ತೌಫೀಕ್. ಅಂದವನೇ ನಾಲಿಗೆ ಕಚ್ಚಿಕೊಂಡ.

ಜೈತುನಬೀ ತಿರುಗಿಯೂ ನೋಡಲಿಲ್ಲ. "ನನಗ ಕಣ್ಣಿಲ್ಲೇನು? ಕಟ್ಟಿ ನನಗ ಕಾಣವಲ್ದು? ಬ್ಯಾರೆ ಎಲ್ಲಿ ಬಿಡ್ಲಿ, ಹೇಳು."

ಕಾಲಿಗಂಟಿದ ಅರಳೆ ಬಿಡಿಸಿಕೊಂಡಳು. ಆಮೇಲೆ ಮೊಮ್ಮಗಳ ಕಡೆ ತಿರುಗಿದಳು: "ಹುಮೇರಾ, ದಂಡ್ಯಾಗ ಕುಂತು ಏನ ಮಾಡ್ತಿ? ಖರೇ ಹೇಳು. ನನ್ನ ರಮಿಸಬ್ಯಾಡ."

ಹುಮೇರಾ ಒಂದೊಂದೇ ಮಾತು ಹುಡುಕಿ ಹೇಳಿದಳು: "ಎಷ್ಟು ತುಂಬಬೇಕು ಅಂತ ಕಲಸ್ತಾರ ದಾದಿ. ಎಲ್ಲಿಗೆ ಸಾಕು ಅನ್ನಬೇಕು ಅಂತಾನೂ ಕಲಸ್ತಾರಂತ. ನಾ ಸಾಕು ಅಂದ್ರ ಅವರು ಕೇಳ್ತಾರೋ ಇಲ್ಲೋ ಗೊತ್ತಿಲ್ಲ. ಮೊದಲಾ ನನ್ನ ದನಿ ಸಣ್ಣದು."

"ಸಣ್ಣದು ಖರೆ," ಅಂದಳು ಜೈತುನಬೀ. "ನಿನ್ನಿ ನಿಮ್ಮಪ್ಪಗ ಕೇಳಿತ್ತು. ಗಿರಾಕಿಗೂ ಕೇಳಿತ್ತು. ಹೊಸ್ತಿಲದಾಗ ಕುಂತ ನನಗೂ ಕೇಳಿತ್ತು."

ಅವಳು ಉಳಿದ ಅರಳೆಯನ್ನು ನೀರಿಗೆ ಬಿಡಲಿಲ್ಲ. ಅದೇ ಬಟ್ಟೆಯಲ್ಲಿ ಗಂಟು ಕಟ್ಟಿ ಹುಮೇರಾಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು. "ಅಲ್ಲಿ ಕಟ್ಟಿ ಇರಂಗಿಲ್ಲಲ್ಲ, ಅಲ್ಲಿ ಬಿಡು. ಫಾತೆಹಾ ನೆನಪದ ಇಲ್ಲೋ?"

"ಅದ ದಾದಿ."

 ಮರಳುವ ದಾರಿಯಲ್ಲಿ ಊರು ಹತ್ತಿರ ಬಂದಾಗ ಜೈತುನಬೀ ಆಟೋದಲ್ಲಿ ಮುಂದಕ್ಕೆ ಬಾಗಿ ಮೊಮ್ಮಗನ ಹೆಗಲು ತಟ್ಟಿದಳು.

"ಸ್ಟೇಶನ್ ಮ್ಯಾಲಿಂದ ಹೋಗು. ಟಿಕೆಟ್ ತಗಸೋದದ."

"ಎಲ್ಲೀದು ದಾದಿ?"

"ಅಕೀನ್ನ ಕೇಳು. ಮತ್ತ ನೋಡು, ಮಂದಿ ಮ್ಯಾಲ ಮಂದಿ ತುಂಬಿದ ಡಬ್ಬಿ ಬ್ಯಾಡ. ಕಾಲು ಚಾಚಿ ಮಲಗೋ ಜಾಗ ಇದ್ದದ್ದು ತಗಸು."